ಪ್ರತಿಕ್ರಿಯೆ: ಕೆಲಸ ಬಿಡದೆ ದೊಡ್ಡ ಚೆಸ್ ಆಟಗಾರ ಆದವರು ಇದ್ದಾರಾ?

ಇದ್ದಾರೆ. ಕಾರೆಲ್ ಟ್ರೇಬಲ್ ಬಗ್ಗೆ ಓದಿ ನೋಡಿ. ಜೆಕ್ ದೇಶದ ವೆಲ್ವಾರಿ ಅನ್ನೋ ಸಣ್ಣ ಊರಿನಲ್ಲಿ ನ್ಯಾಯಾಧೀಶರಾಗಿದ್ದರು. ಚೆಸ್ ಅವರ ಹೊಟ್ಟೆಪಾಡಾಗಿರಲಿಲ್ಲ. ಆದರೂ 1923 ಮತ್ತು 1929ರ ಕಾರ್ಲ್ಸ್‌ಬಾಡ್ ಚೆಸ್ ಪಂದ್ಯಾವಳಿಗಳಲ್ಲಿ ರೂಬಿನ್‌ಸ್ಟೈನ್, ನಿಮ್ಜೋವಿಚ್ ಅಂಥ ಆ ಕಾಲದ ದಿಗ್ಗಜರ ಎದುರು ಕೂತು ಆಡಿದರು. ಆ ಎದುರಾಳಿಗಳಲ್ಲಿ ಹೆಚ್ಚಿನವರು ಚೆಸ್ಸನ್ನೇ ಬದುಕು ಮಾಡಿಕೊಂಡವರು, ಅಲ್ವಾ? 1933ರಲ್ಲಿ ಇಂಗ್ಲೆಂಡಿನ ಫೋಕ್‌ಸ್ಟನ್‌ನಲ್ಲಿ ನಡೆದ ಚೆಸ್ ಒಲಿಂಪಿಯಾಡ್‌ನಲ್ಲಿ ಬೆಳ್ಳಿ ಗೆದ್ದ ಚೆಕೊಸ್ಲೊವಾಕಿಯಾ ತಂಡದಲ್ಲಿ ಹೆಸರಾಂತ ಆಟಗಾರ ಫ್ಲೋರ್ ಜೊತೆ ಟ್ರೇಬಲ್ ಕೂಡ ಇದ್ದರು. ನನಗಂತೂ ಇದು ಸಣ್ಣ ಸಾಧನೆ ಅನ್ನಿಸಲ್ಲ.

ಕೊನೆ ಮಾತ್ರ ಘೋರ. 1941ರ ಮೇ ತಿಂಗಳಲ್ಲಿ ನಾಜಿಗಳು ಅವರನ್ನು ಬಂಧಿಸಿ, ತಮ್ಮ ವಿರುದ್ಧ ಹೋರಾಡುತ್ತಿದ್ದವರಿಗಾಗಿ ಆಯುಧ ಬಚ್ಚಿಟ್ಟ ಆರೋಪ ಹೊರಿಸಿ, ಅಕ್ಟೋಬರ್ 2ರಂದು ಪ್ರಾಗ್‌ನಲ್ಲಿ ಕೊಂದರು. ಶವವನ್ನೂ ಮನೆಯವರಿಗೆ ಕೊಡಲಿಲ್ಲ. ಅವರ ಆಟಗಳನ್ನು ನೋಡೋದಾದರೆ ನೀವು 1923ರ ಆಟಗಳಿಂದ ಶುರು ಮಾಡಿ.