ಊರಿಗೆ ಹೋಗದ ರಜೆ: ಟೈಮ್‌ಟೇಬಲ್ ಮಗನ ಕೈಗೆ ಕೊಡಿ

ಪ್ರಶ್ನೆ: ಟೀಚರ್ ಅವರಿಗೆ ನಮಸ್ಕಾರ. ನಾವು ಮುಂಬಯಿ ಹತ್ತಿರದ ಡೊಂಬಿವಲಿಯವರು. ದೀಪಾವಳಿ ರಜೆಗೆ ಕುಂದಾಪುರದ ಹತ್ತಿರ ನಮ್ಮ ಊರಿಗೆ ಹೋಗುವುದು ರೂಢಿ. ಈ ಸಲ ಮನೆ ರಿಪೇರಿಗೆ ಕೈಯಲ್ಲಿದ್ದದ್ದೆಲ್ಲ ಖರ್ಚಾಯಿತು. ಯಜಮಾನರಿಗೆ ಹೋಟೆಲಿನಲ್ಲಿ ಹಬ್ಬದ ಸಮಯ ರಜೆ ಇಲ್ಲ, ವಾರಕ್ಕೊಂದು ದಿನದ ಬಿಡುವು ಅಷ್ಟೆ. ಮಗನಿಗೆ 14 ವರ್ಷ, ಒಂಬತ್ತನೇ ಕ್ಲಾಸು. ರಜೆ ಬಂತೆಂದರೆ ಹತ್ತಕ್ಕೆ ಏಳುತ್ತಾನೆ, ಮೊಬೈಲ್ ಹಿಡಿದು ಮತ್ತೆ ಮಲಗುತ್ತಾನೆ. "ಎಲ್ಲಿಗಾದರೂ ಹೋಗೋಣ ಮಾರಾಯ" ಅಂದರೆ "ಬೋರ್" ಅನ್ನುತ್ತಾನೆ. ಮನೆಯಲ್ಲೇ ಇದ್ದುಕೊಂಡು, ಹೆಚ್ಚು ಖರ್ಚಿಲ್ಲದೆ, ಅವನ ಮೈಕೈ ಸಡಿಲವಾಗುವಂಥ ರಜೆ ಹೇಗೆ ಮಾಡುವುದು?
ಡೊಂಬಿವಲಿಯ ಓದುಗರು

ಉತ್ತರ: "ಎಲ್ಲಿಗಾದರೂ" ಅಂದದ್ದಕ್ಕೇ ಅವನು ಬೋರ್ ಅಂದಿರಬೇಕು, ತಂಗೀ. ಅಮ್ಮನ ಹಿಂದೆ ಚೀಲ ಹಿಡಿದು ನಡೆಯುವ ವಯಸ್ಸು ಅವನದ್ದಲ್ಲ. ಪಾಲಿಕೆಯ ಕನ್ನಡ ಶಾಲೆಯಲ್ಲಿ ಪಿ.ಟಿ. ಟೀಚರ್ ಆಗಿ ನನ್ನ ಸರ್ವಿಸ್ ಪೂರ್ತಿ ಈ ಪ್ರಾಯದ ಮಕ್ಕಳ ಜೊತೆಗೇ ಕಳೆಯಿತು. ಸಾಲಿನ ಕೊನೆಯಲ್ಲಿ ಕಾಲೆಳೆಯುತ್ತ ಬರುವ ಹುಡುಗನ ಕೈಗೆ ಸೀಟಿ ಕೊಟ್ಟು ಮುಂದೆ ನಿಲ್ಲಿಸಿದರೆ, ಅವನ ಹೆಜ್ಜೆಗೆ ಉಳಿದವರು ಓಡಬೇಕಾಗುತ್ತದೆ. ನಿಮ್ಮ ಮನೆಯಲ್ಲೂ ಅದನ್ನೇ ಮಾಡಿ.

ರಜೆಗೆ ಎಷ್ಟು ಖರ್ಚು ಮಾಡಬಲ್ಲಿರೋ ಅಷ್ಟನ್ನು ಒಂದು ಲಕೋಟೆಯಲ್ಲಿ ಹಾಕಿ ಅವನಿಗೇ ಕೊಡಿ. ಲೆಕ್ಕ ಬರೆಯುವುದು ಅವನ ಕೆಲಸ, ಉಳಿದದ್ದು ಅವನದ್ದು. ಯಾವ ಗಾಡಿ, ಎಲ್ಲಿ ಬದಲಾಯಿಸಬೇಕು, ಎಷ್ಟಕ್ಕೆ ಮನೆ ಬಿಡಬೇಕು ಅನ್ನುವುದನ್ನು ಎಂ-ಇಂಡಿಕೇಟರ್ ಆ್ಯಪ್‌ನಲ್ಲಿ ಗಾಡಿಗಳ ಸಮಯ ನೋಡಿ ಅವನೇ ತೀರ್ಮಾನಿಸಲಿ. ಹಳಿ ರಿಪೇರಿಗೆಂದು ಗಾಡಿ ನಿಲ್ಲಿಸುವ ಭಾನುವಾರದ ಮೆಗಾ ಬ್ಲಾಕ್ ನೋಡಿಕೊಳ್ಳುವುದೂ ಅವನ ಹೊಣೆ. ಮೊಬೈಲ್ ಕಸಿದುಕೊಳ್ಳಬೇಡಿ, ಈ ಕೆಲಸಕ್ಕೆ ಹಚ್ಚಿ. ನೀವು ನಡುವೆ ಬಾಯಿ ಹಾಕದೆ ಇರುವುದೇ ಕಷ್ಟ. ತಪ್ಪು ಪ್ಲಾಟ್‌ಫಾರಂಗೆ ಕರೆದುಕೊಂಡು ಹೋದರೂ ಸುಮ್ಮನಿರಿ. ಒಂದು ಗಾಡಿ ತಪ್ಪಿದರೆ ಇನ್ನೊಂದು ಬರುತ್ತದೆ, ಅವನ ಮುಖ ಸಣ್ಣದಾದರೆ ಆ ದಿನವೇ ಹೋಯಿತು.

ಮೊದಲ ದಿನಕ್ಕೆ ನಾನು ಹೇಳುವುದು ಬೋರಿವಲಿಯ ಕಾನ್ಹೇರಿ ಬೌದ್ಧ ಗುಹೆಗಳು. ದಾದರಿನಲ್ಲಿ ಗಾಡಿ ಬದಲಾಯಿಸಿದರೆ ಬೋರಿವಲಿ. ಅಲ್ಲಿಂದ ಸಂಜಯ್ ಗಾಂಧಿ ರಾಷ್ಟ್ರೀಯ ಉದ್ಯಾನದ ಗೇಟು ದೂರವಿಲ್ಲ. ಸೋಮವಾರ ಮುಚ್ಚಿರುತ್ತದೆ, ಇದನ್ನು ಮರೆಯಬೇಡಿ. ಗೇಟಿನಿಂದ ಗುಹೆಗಳವರೆಗೆ ಕಾಡಿನ ನಡುವೆ ಐದಾರು ಕಿಲೋಮೀಟರ್ ರಸ್ತೆ, ಕೊನೆಯಲ್ಲಿ ಏರು. ಬಸ್ಸಿದೆ, ಬಾಡಿಗೆ ಸೈಕಲ್ಲೂ ಸಿಗುತ್ತದೆ. ಆದರೂ ಹೋಗುವಾಗ ನಡೆಯಿರಿ, ಬರುವಾಗ ಕಾಲು ಸೋತರೆ ಬಸ್ ಹಿಡಿಯಿರಿ. ಅಕ್ಟೋಬರ್ ಹೀಟ್ ಇನ್ನೂ ಇಳಿಯದ ದಿನಗಳಿವು, ಆದ್ದರಿಂದ ಬೆಳಕು ಹರಿಯುವ ಮೊದಲೇ ಡೊಂಬಿವಲಿ ಬಿಡಬೇಕು. ಒಬ್ಬೊಬ್ಬರಿಗೆ ಎರಡು ಲೀಟರ್ ನೀರು ಇರಲಿ. ತಿಂಡಿಯ ಡಬ್ಬಿ ಜಿಪ್ ಇರುವ ಬ್ಯಾಗಿನೊಳಗೇ ಇರಲಿ, ಪ್ಲಾಸ್ಟಿಕ್ ಚೀಲ ಕೈಯಲ್ಲಿ ಕಂಡರೆ ಮಂಗಗಳು ಬಿಡುವುದಿಲ್ಲ. ಚಿರತೆಗಳಿರುವ ಕಾಡು, ಹಾಗಾಗಿ ರಸ್ತೆ ಬಿಟ್ಟು ಒಳಗೆ ನುಗ್ಗಬಾರದು, ಸಂಜೆಗೆ ಮುಂಚೆ ಹೊರಗೆ ಬಂದಿರಬೇಕು. ಗುಹೆಗಳ ಟಿಕೆಟ್ 15 ವರ್ಷದೊಳಗಿನವರಿಗೆ ಇಲ್ಲ, ಮಗನ ಶಾಲೆಯ ಐ.ಡಿ. ಕಾರ್ಡ್ ಇಟ್ಟುಕೊಳ್ಳಿ. ಉದ್ಯಾನದ ಗೇಟಿನ ಟಿಕೆಟ್ ಬೇರೆ.

ಅಲ್ಲಿ ನೂರಕ್ಕೂ ಹೆಚ್ಚು ಗುಹೆಗಳಿವೆ, ಎಲ್ಲವೂ ಕಪ್ಪು ಬಸಾಲ್ಟ್ ಬಂಡೆಯಲ್ಲಿ ಕೊರೆದವು. ಮೂರನೆಯ ಗುಹೆಯ ದೊಡ್ಡ ಚೈತ್ಯ (ಪ್ರಾರ್ಥನೆಯ ಸಭಾಂಗಣ) ನೋಡಿ ಫೋಟೊ ತೆಗೆದು ಹೆಚ್ಚಿನವರು ವಾಪಸಾಗುತ್ತಾರೆ. ನೀವು ಮೇಲೆ ಹತ್ತಿ. ಭಿಕ್ಷುಗಳ ಗುಹೆಗಳ ಬಾಗಿಲ ಪಕ್ಕದಲ್ಲಿ ನೆಲಮಟ್ಟಕ್ಕೆ ಬಾಯಿ ತೆರೆದ ನೀರಿನ ತೊಟ್ಟಿಗಳು ಕಾಣುತ್ತವೆ. ಆ ತೊಟ್ಟಿಗೆ ನೀರು ಎಲ್ಲಿಂದ ಬರುತ್ತದೆ ಎಂದು ಮಗನನ್ನು ಕೇಳಿ ಸುಮ್ಮನಾಗಿ. ತೊಟ್ಟಿಯಿಂದ ಮೇಲಕ್ಕೆ ನೋಡುತ್ತ ಹೋದರೆ ಬಂಡೆಯ ಮೈಯಲ್ಲಿ ಉಳಿಯಿಂದ ಕೊರೆದ ಸಣ್ಣ ಕಾಲುವೆ ಸಿಗುತ್ತದೆ. ಕೆಲವು ಕಡೆ ಸವೆದು ಬೆರಳಿಗೆ ಮಾತ್ರ ತಿಳಿಯುವಷ್ಟು ಉಳಿದಿದೆ. ಅದರ ಜಾಡು ಹಿಡಿದರೆ ಬಂಡೆಯ ನೆತ್ತಿಯವರೆಗೆ ಹತ್ತಲೇಬೇಕು. ಗುಡ್ಡದ ಮೇಲೆ ಬಿದ್ದ ಮಳೆಯನ್ನು ಪೋಲು ಮಾಡದೆ ಇಳಿಸಿ, ಬೇಸಿಗೆಗೆ ಹಿಡಿದಿಟ್ಟ ಏರ್ಪಾಡು ಅದು. ಹತ್ತು ಅಂದರೆ ಹತ್ತದ ಹುಡುಗ ಇದನ್ನು ಹುಡುಕುತ್ತ ಎಷ್ಟು ಹತ್ತಿ ಇಳಿದ ಎನ್ನುವುದು ಅವನಿಗೇ ತಿಳಿಯುವುದಿಲ್ಲ. ಬಂಡೆ ನುಣುಪು, ಚಪ್ಪಲಿ ಬೇಡ, ಹಿಡಿತವಿರುವ ಶೂ ಹಾಕಿಸಿ.

ಇನ್ನೊಂದು ವಿಷಯ ಅವನಿಗೆ ಹೇಳಿ. ಇಲ್ಲಿನ ಶಾಸನಗಳಲ್ಲಿ ಮಾನ್ಯಖೇಟದ ರಾಷ್ಟ್ರಕೂಟ ದೊರೆ ಅಮೋಘವರ್ಷನ ಹೆಸರಿದೆ. ಒಂಬತ್ತನೇ ಶತಮಾನದಲ್ಲಿ ಈ ಕೊಂಕಣವನ್ನು ಆಳುತ್ತಿದ್ದ ಶಿಲಾಹಾರರು ಅವನ ಸಾಮಂತರು. ಆ ಮಾನ್ಯಖೇಟ ಇಂದಿನ ಕಲಬುರಗಿ ಜಿಲ್ಲೆಯ ಮಳಖೇಡ. ಶಾಲೆಯಲ್ಲಿ ಮರಾಠಿ, ಮನೆಯಲ್ಲಿ ಕನ್ನಡ ಎಂದು ಬೆಳೆಯುವ ನಮ್ಮ ಮಕ್ಕಳಿಗೆ ಇದು ಗೊತ್ತಿರಬೇಕು ಎಂಬ ಆಸೆ ನನಗೆ ಬಹಳ.

ಎರಡನೆಯ ದಿನ ಎಲ್ಲಿಗೂ ಬೇಡ. ಕಾಲು ನೋಯುತ್ತಿರುತ್ತದೆ, ಮಲಗಲಿ. ಅವತ್ತು ಹತ್ತಕ್ಕೆ ಎದ್ದರೂ ಬೈಯಬೇಡಿ. ಸಂಜೆ ಮುಂದಿನ ತಿರುಗಾಟದ ಲೆಕ್ಕ ಹಾಕುತ್ತ ಕೂತಿರಲಿ, ನೀವು ನೀರುದೋಸೆ ಹೊಯ್ಯಿರಿ.

ಯಜಮಾನರ ಬಿಡುವಿನ ದಿನ ಮಾಥೇರಾನ್ ಇಟ್ಟುಕೊಳ್ಳಿ. ನಿಮಗೆ ಅದು ಹಿತ್ತಿಲಲ್ಲೇ ಇದ್ದ ಹಾಗೆ. ಕರ್ಜತ್ ಲೋಕಲ್ ಹಿಡಿದು ನೇರಳ್‌ನಲ್ಲಿ ಇಳಿದರಾಯಿತು, ಸೆಕೆಂಡ್ ಕ್ಲಾಸ್ ಟಿಕೆಟ್ ಒಂದು ವಡಾಪಾವ್ ಬೆಲೆಗೇ ಬರುತ್ತದೆ. 1907ರಿಂದ ಓಡುತ್ತಿರುವ ಟಾಯ್ ಟ್ರೇನ್ ಚೆಂದವೇನೋ ಹೌದು, ಆದರೆ ಹಬ್ಬದ ದಿನಗಳಲ್ಲಿ ಅದರ ಟಿಕೆಟಿಗೆ ಕಾಯುತ್ತ ದಿನ ಕಳೆಯಬೇಡಿ. ಶೇರ್ ಟ್ಯಾಕ್ಸಿಯಲ್ಲಿ ದಸ್ತೂರಿ ನಾಕಾ ತನಕ ಹೋಗಿ. ಅದರಾಚೆ ಕಾರು, ಟ್ಯಾಕ್ಸಿ ಬಿಡುವುದಿಲ್ಲ, ಕೆಂಪು ಮಣ್ಣಿನ ದಾರಿಯಲ್ಲಿ ನಡೆದೇ ಹೋಗಿ. ಮೇಲೆ ಕುದುರೆ, ಹೋಟೆಲ್ ಎಂದರೆ ಲಕೋಟೆ ಖಾಲಿಯಾಗುತ್ತದೆ, ಬುತ್ತಿ ಕಟ್ಟಿಕೊಂಡು ಹೋಗಿ. ಹೋಟೆಲಿನಲ್ಲಿ ದಿನವಿಡೀ ನಿಂತು ದುಡಿಯುವ ಅಪ್ಪನ ಜೊತೆ ಅವಸರವಿಲ್ಲದೆ ಒಂದು ದಿನ ನಡೆಯುವುದು ಆ ಹುಡುಗನಿಗೆ ಎಲ್ಲಕ್ಕಿಂತ ಬೇಕಾಗಿರಬಹುದು. ನೀವು ಸ್ವಲ್ಪ ಹಿಂದೆ ಉಳಿಯಿರಿ.

ಲಕೋಟೆಯಲ್ಲಿ ಇನ್ನೂ ಉಳಿದಿದ್ದರೆ ವಸಾಯಿ ಕೋಟೆ. ದಿವಾ ಸ್ಟೇಷನ್ನಿನಿಂದ ವಸಾಯಿಗೆ ನೇರ ಗಾಡಿ ಇದೆ, ದಾದರ್ ಸುತ್ತುವುದು ಬೇಡ. ಆದರೆ ಆ ಗಾಡಿಗಳು ಲೋಕಲ್‌ನಂತೆ ಬಂದ ಹಾಗೆ ಬರುವುದಿಲ್ಲ, ವಾಪಸು ಬರುವ ಗಾಡಿಯ ಸಮಯ ನೋಡಿಯೇ ಹೊರಡಬೇಕು. ಪೋರ್ಚುಗೀಸರಿಂದ 1739ರಲ್ಲಿ ಮರಾಠಾ ಸೇನಾಪತಿ ಚಿಮಾಜಿ ಅಪ್ಪ ಗೆದ್ದ ಕೋಟೆ ಎಂದು ಅವನು ಇತಿಹಾಸದಲ್ಲಿ ಓದಿಯೇ ಇರುತ್ತಾನೆ, ವಿವರಿಸುವ ಸರದಿ ಅವನಿಗೆ ಬಿಡಿ.

ಪ್ರಶ್ನೆ: ನಾವು ಅಂಧೇರಿಯಲ್ಲಿದ್ದೇವೆ. ಮಗಳಿಗೆ 15 ವರ್ಷ. ಮೇ ರಜೆಯ ಸೆಕೆಯಲ್ಲಿ ಇಂಥದ್ದೇನಾದರೂ ಸಾಧ್ಯವೇ ಟೀಚರ್?
ಅಂಧೇರಿಯ ತಂದೆಯೊಬ್ಬರು

ಉತ್ತರ: ಬೆಳಿಗ್ಗೆ ಎಂಟರೊಳಗೆ ಮುಗಿಯುವುದಾದರೆ ಖಂಡಿತ ಸಾಧ್ಯ. ನಿಮ್ಮ ಅಂಧೇರಿ ಪಶ್ಚಿಮದಲ್ಲೇ ಗಿಲ್ಬರ್ಟ್ ಹಿಲ್ ಇದೆ. ಸುಮಾರು 6.6 ಕೋಟಿ ವರ್ಷದ ಹಿಂದಿನ ಲಾವಾ ತಣಿದು, ಉದ್ದುದ್ದ ಕಂಬಗಳಾಗಿ ನಿಂತ 60 ಮೀಟರಿನಷ್ಟು ಎತ್ತರದ ಬಂಡೆ. ಮೆಟ್ಟಿಲು ಹತ್ತಿದರೆ ಮೇಲೆ ದೇವಿಯ ಗುಡಿ.

ಇನ್ನೊಂದು ಜುಹೂ. ಹುಣ್ಣಿಮೆ, ಅಮಾವಾಸ್ಯೆಯ ಆಸುಪಾಸಿನಲ್ಲಿ ಮುಂಬಯಿಯ ಸಮುದ್ರಕ್ಕೆ ಮಧ್ಯಾಹ್ನದ ಹೊತ್ತಿಗೆ ಭರತ, ಬೆಳಿಗ್ಗೆ ಆರರ ಸುಮಾರಿಗೆ ಇಳಿತ. ಕ್ಯಾಲೆಂಡರ್ ನೋಡಿ ದಿನ ಗುರುತು ಮಾಡುವುದು ಮಗಳ ಪಾಲಿಗಿರಲಿ. ನೀರು ಬಹಳ ದೂರ ಹಿಂದೆ ಸರಿದಿರುತ್ತದೆ, ಒದ್ದೆ ಮರಳಿನ ಮೇಲೆ ಸಾಸಿವೆಗಿಂತ ತುಸು ದೊಡ್ಡ ಮರಳುಂಡೆಗಳು ಒಂದು ತೂತಿನ ಸುತ್ತ ಸಾಲಾಗಿ ಬಿದ್ದಿರುತ್ತವೆ. ಅದು ಪುಟ್ಟ ಏಡಿಯ ಕೆಲಸ. ಮರಳಿನಲ್ಲಿರುವ ಆಹಾರ ಹೀರಿ ಉಳಿದದ್ದನ್ನು ಉಂಡೆ ಮಾಡಿ ಬಿಸಾಡುತ್ತದೆ. ಅಲುಗದೆ ಕೂತರೆ ಹೊರಗೆ ಬರುತ್ತದೆ, ನೆರಳು ಬಿದ್ದರೆ ಸಾಕು, ಮಾಯ. ಕಲ್ಲುಗಳಿರುವ ಕಡೆ ಹಳೆಯ ಶೂ ಹಾಕಿಕೊಳ್ಳಿ, ಏನನ್ನೂ ಕಿತ್ತು ತರಬೇಡಿ, ಇಳಿತದ ಹೊತ್ತು ದಾಟಿ ನೀರು ತಿರುಗಿತೆಂದರೆ ದಡದ ಕಡೆ ಹೊರಡಿ. ಜೂನ್‌ನಲ್ಲಿ ಮಳೆ ಶುರುವಾದ ಮೇಲೆ ಇದು ಬೇಡ.