ಹಳೇ ಸ್ಟೀಮ್ ರೈಲು ಎಂಜಿನ್‌ಗಳನ್ನು ಓಡಿಸಬೇಕಾ, ಮ್ಯೂಸಿಯಂನಲ್ಲಿ ಇಡಬೇಕಾ?

ಈ ಜಗಳ ಬೇಗ ಮುಗಿಯುವಂಥದ್ದಲ್ಲ. ಓಡಿಸಿದರೆ ಎಂಜಿನ್ ಸವೆಯುತ್ತದೆ. ಬ್ರಿಟನ್ನಿನಲ್ಲಿ ಸುಮಾರು 10 ವರ್ಷಕ್ಕೊಮ್ಮೆ ಬಾಯ್ಲರ್ ಬಿಚ್ಚಿ, ಒಳಗಿನ ಕೊಳವೆಗಳನ್ನು ಕಿತ್ತು ನೋಡುತ್ತಾರೆ. ಪ್ರತಿ ಸಲವೂ ಒಂದಷ್ಟು ಹಳೇ ಲೋಹ ಹೋಗಿ ಹೊಸದು ಬರುತ್ತದೆ. 1923ರ ಫ್ಲೈಯಿಂಗ್ ಸ್ಕಾಟ್ಸ್‌ಮನ್ ಎಂಬ ಎಂಜಿನ್‌ನಲ್ಲಿ ಮೂಲ ಭಾಗ ಎಷ್ಟು ಉಳಿದಿದೆ ಅನ್ನುವುದೇ ಒಂದು ಚರ್ಚೆ. 1938ರಲ್ಲಿ ಗಂಟೆಗೆ 203 ಕಿ.ಮೀ. ವೇಗ ಮುಟ್ಟಿದ ಮಲ್ಲಾರ್ಡ್ ಎಂಜಿನ್ ಮಾತ್ರ ಈಗ ಮ್ಯೂಸಿಯಂನಲ್ಲಿ ಸುಮ್ನೆ ನಿಂತಿದೆ.

ಆದರೆ ತಣ್ಣಗೆ ನಿಂತ ಎಂಜಿನ್‌ನಲ್ಲಿ ಬಿಸಿ ಎಣ್ಣೆಯ ವಾಸನೆ, ನೆಲ ನಡುಗಿಸುವ ಸದ್ದು ಎಲ್ಲಿ? ಬೆಂಕಿಗೆ ಕಲ್ಲಿದ್ದಲು ಹದವಾಗಿ ಹಾಕುವ ಕೈಚಳಕವೂ ಪುಸ್ತಕ ಓದಿ ಬರುವುದಿಲ್ಲ, ಅಲ್ವಾ? ಒಂದು ಮಾದರಿಯದು ಒಂದೇ ಉಳಿದಿದ್ದರೆ ನಿಲ್ಲಿಸಿ, ಹತ್ತಾರಿದ್ದರೆ ಓಡಿಸಿ ಅನ್ನುವವನು ನಾನು. ಒಂದೂ ಉಳಿದಿಲ್ಲವೇ? 2008ರಲ್ಲಿ ತಯಾರಾದ ಟಾರ್ನೇಡೊ ಎಂಬ ಸ್ಟೀಮ್ ಎಂಜಿನ್ ಥರ ಹೊಸದನ್ನೇ ಕಟ್ಟಬಹುದು.