ಕೇಳಿ, ಹೇಳ್ತೀನಿ: ಜಪಾನಿ ಪದಕ್ಕೆ ಕನ್ನಡದ ದಾರಿ

ಪ್ರಶ್ನೆ: ಅಕ್ಕಾರ, ನಮಸ್ಕಾರ. ನಾನು ವಿಜಯಪುರದವ. ಪುಣೆ ಹತ್ತಿರದ ಚಾಕಣದ ಒಂದು ಜಪಾನಿ ಕಂಪನಿಯ ಕ್ವಾಲಿಟಿ ವಿಭಾಗದಲ್ಲಿ ಇದ್ದೇನೆ. ಡಿಸೆಂಬರಿನಲ್ಲಿ ಎನ್5, ಅಂದರೆ ಜಪಾನಿ ಭಾಷಾ ಸಾಮರ್ಥ್ಯ ಪರೀಕ್ಷೆಯ ಎಲ್ಲಕ್ಕಿಂತ ಕೆಳಗಿನ ಹಂತ, ಬರೆಯುವ ಆಸೆ. ಶಿಫ್ಟ್ ಇರುವುದರಿಂದ ಕ್ಲಾಸಿಗೆ ಹೋಗಲು ಆಗುವುದಿಲ್ಲ. ಮೊಬೈಲಿನಲ್ಲಿ ದಿನಕ್ಕೆ 30 ಪದ ಇಂಗ್ಲಿಷ್ ಅರ್ಥದ ಜೊತೆ ಬಾಯಿಪಾಠ ಮಾಡುತ್ತೇನೆ. ಭಾನುವಾರ ನೋಡಿದರೆ ಐದೂ ನೆನಪಿಲ್ಲ. ನನ್ನ ತಲೆಗೆ ಈ ಭಾಷೆ ಹತ್ತೋದೇ ಇಲ್ವಾ?
– ಚಿಂಚವಡದ ಓದುಗ

ಉತ್ತರ: ಹತ್ತುತ್ತದೆ. ಮೊದಲು ಆ 30 ಅನ್ನು 8ಕ್ಕೆ ಇಳಿಸಿ. ಆಮೇಲೆ ಇಂಗ್ಲಿಷ್ ಅರ್ಥ ಬಿಡಿ. ನನಗೆ ನಿಮ್ಮ ಪತ್ರದಲ್ಲಿ ಕಂಡ ದೊಡ್ಡ ತೊಡಕು ಅದೇ. ಜಪಾನಿಯಿಂದ ಇಂಗ್ಲಿಷಿಗೆ, ಅಲ್ಲಿಂದ ಕನ್ನಡಕ್ಕೆ ಅಂತ ಪದ ಎರಡು ಹೊಳೆ ದಾಟಿ ಬರಬೇಕು. ನಾನೂ ಮೊದಲ ಆರು ತಿಂಗಳು ಹಾಗೇ ಕಲಿತೆ, ತುಂಬ ಹೊತ್ತು ಕಳೆದುಕೊಂಡೆ. ನಿಮಗೆ ಹಾಗೆ ಆಗಬಾರದು.

ಒಂದು ವಾಕ್ಯ ನೋಡಿ. ಜಪಾನಿನವರು ಬೆಳಗ್ಗೆ ಮನೆಯಿಂದ ಹೊರಡುವಾಗ 'ಇತ್ತೆಕಿಮಸ್' ಅನ್ನುತ್ತಾರೆ. 'ಇತ್ತೆ' ಅಂದರೆ ಹೋಗಿ, 'ಕಿಮಸ್' ಅಂದರೆ ಬರುತ್ತೇನೆ. ಹೋಗಿ ಬರ್ತೀನಿ! ನಮ್ಮ ಮನೆಗಳಲ್ಲಿ 'ಹೋಗ್ತೀನಿ' ಅಂದರೆ ಅಜ್ಜಿ ಬೈಯುತ್ತಿದ್ದರು, 'ಹೋಗಿ ಬರ್ತೀನಿ ಅನ್ನು' ಅಂತ, ಅಲ್ವಾ? ಇದನ್ನು ಇಂಗ್ಲಿಷಿನಲ್ಲಿ ಕಲಿತರೆ ಸುಮ್ನೆ ಒಂದು ಉದ್ದದ ಪದ, ಕನ್ನಡದಲ್ಲಿ ಕಲಿತರೆ ಒಂದೇ ಸಲಕ್ಕೆ ಎರಡು ಕ್ರಿಯಾಪದ ಕೈಗೆ ಬರುತ್ತವೆ. 'ತಬೆತೆ ಮಿಮಸ್' ಅಂದರೆ ತಿಂದು ನೋಡುತ್ತೇನೆ, ಇಲ್ಲಿ 'ಮಿರು' ನಿಜವಾಗಿಯೂ ನೋಡು ಅನ್ನುವ ಪದವೇ. 'ಕೈತೆ ಒಕಿಮಸ್' ಅಂದರೆ ಬರೆದು ಇಡುತ್ತೇನೆ, 'ಒಕು' ಅಂದರೆ ಇಡು. 'ವಸುರೆತೆ ಶಿಮಯಿಮಶಿತ' ಅಂದರೆ ಮರೆತುಬಿಟ್ಟೆ, ನಿಮಗೆ ಭಾನುವಾರ ಬೇಕಾಗುವ ವಾಕ್ಯ. ಕ್ರಿಯಾಪದ ನಮ್ಮ ಹಾಗೇ ಕೊನೆಗೆ ಬರುತ್ತದೆ. ವಿಭಕ್ತಿಯೂ ಪದದ ಬೆನ್ನಿಗೇ ಕೂರುತ್ತದೆ: 'ಪುಣೆ ಕರ ಮುಂಬೈ ಮದೆ' ಅಂದರೆ ಪುಣೆಯಿಂದ ಮುಂಬೈ ತನಕ. ವಾಕ್ಯದ ಕೊನೆಗೆ 'ನೆ' ಸೇರಿಸಿದರೆ ನಮ್ಮ 'ಅಲ್ವಾ'. ಹಾಗಂತ ಎರಡೂ ಅಕ್ಕತಂಗಿ ಭಾಷೆ ಅಂತ ನಾನು ಹೇಳುತ್ತಿಲ್ಲ. ವಾಕ್ಯ ಕಟ್ಟುವ ರೀತಿ ಹೊಂದುತ್ತದೆ, ಕಲಿಯುವವರಿಗೆ ಅಷ್ಟು ಸಾಕು.

ಪದ ಎಲ್ಲಿಂದ ಶುರು ಮಾಡಬೇಕು? ನಿಮ್ಮ ಶಾಪ್‌ಫ್ಲೋರಿನ ಗೋಡೆಯಿಂದ. ಕೆಲಸದ ಜಾಗ ಅಚ್ಚುಕಟ್ಟಾಗಿ ಇಡುವ ಐದು ಸೂತ್ರದ 5 ಎಸ್ ಬೋರ್ಡಿನ ಸೇರಿ, ಸೇತೋನ್, ಸೇಸೋ, ಸೇಕೆತ್ಸು, ಶಿತ್ಸುಕೆ ನಿಮಗೆ ಗೊತ್ತೇ ಇದೆ. ಸೇಸೋ ಅಂದರೆ ಶುಚಿ ಮಾಡುವುದು, ಅದರ 'ಸೋ' ಮನೆಮಂದಿ ಗುಡಿಸಿ ಒರೆಸುವುದಕ್ಕೆ ಹೇಳುವ 'ಸೋಜಿ'ಯಲ್ಲೂ ಇದೆ, ಎರಡಕ್ಕೂ ಒಂದೇ ಕಾಂಜಿ, ಅಂದರೆ ಚೀನಾದಿಂದ ಬಂದ ಲಿಪಿಯ ಅಕ್ಷರ. ಸುಧಾರಣೆಗೆ ಹೇಳುವ ಕೈಜ಼ೆನ್‌ನಲ್ಲಿ 'ಕೈ' ಅಂದರೆ ಬದಲಾಯಿಸು, 'ಜ಼ೆನ್' ಅಂದರೆ ಒಳ್ಳೆಯದು. ಕಾನ್‌ಬಾನ್ ನಿಮಗೆ ಪಾರ್ಟ್ಸ್ ತರಿಸುವ ಕಾರ್ಡು, ಟೋಕಿಯೋದ ಬೀದಿಯಲ್ಲಿ ಅದು ಅಂಗಡಿಯ ಬೋರ್ಡು. ತಪ್ಪು ಆಗದಂತೆ ಮೊದಲೇ ತಡೆಯುವ ಪೋಕಾ ಯೋಕೆಯ 'ಯೋಕೆ' ಬಂದದ್ದು 'ಯೊಕೆರು' ಅನ್ನುವ ಕ್ರಿಯಾಪದದಿಂದ, ತಪ್ಪಿಸು ಅಂತ ಅರ್ಥ. ದಿನಕ್ಕೆ ಹತ್ತು ಸಲ ಬಾಯಲ್ಲಿ ಬರುವ ಪದ ಇವು, ಬಾಯಿಪಾಠದ ಅಗತ್ಯವೇ ಇಲ್ಲ.

ಇನ್ನು ಬರವಣಿಗೆ. ರೋಮನ್ ಅಕ್ಷರದಲ್ಲಿ ಬರೆದುಕೊಳ್ಳಬೇಡಿ, ದಯವಿಟ್ಟು. ಕನ್ನಡ ಅಕ್ಷರದಲ್ಲೇ ಬರೆದುಕೊಳ್ಳಿ. 'ಕೊಕೊ' ಅಂದರೆ ಇಲ್ಲಿ, 'ಕೋಕೋ' ಅಂದರೆ ಹೈಸ್ಕೂಲು. 'ಒಬಸನ್' ಅಂದರೆ ಚಿಕ್ಕಮ್ಮ ಅಥವಾ ಅತ್ತೆ, 'ಒಬಾಸನ್' ಅಂದರೆ ಅಜ್ಜಿ. 'ಬಿರು' ಕಟ್ಟಡ, 'ಬೀರು' ಕುಡಿಯುವ ಬಿಯರು. 'ಒತೊ' ಸದ್ದು, 'ಒತ್ತೊ' ಗಂಡ. ರೋಮನ್‌ನಲ್ಲಿ ದೀರ್ಘದ ಗೆರೆ ಎಳೆಯದಿದ್ದರೆ ಮೊದಲ ಮೂರು ಜೋಡಿಯೂ ಕಲಸಿಹೋಗುತ್ತವೆ. ನಮ್ಮ ಹತ್ತಿರ ಹ್ರಸ್ವ, ದೀರ್ಘ, ಒತ್ತಕ್ಷರ ಮೂರೂ ಇವೆ. ನಿಮ್ಮ ಮರಾಠಿ ಗೆಳೆಯರು ದೇವನಾಗರಿಯಲ್ಲಿ ಬರೆದುಕೊಂಡರೂ ಎ-ಏ, ಒ-ಓ ಬೇರೆ ಮಾಡಲು ಅವರಿಗೆ ರೂಢಿಯ ಅಕ್ಷರವಿಲ್ಲ, ನಮಗಿದೆ. ಆದರೆ ಇದು ಮೊದಲ ಎರಡು ವಾರದ ಊರುಗೋಲು ಮಾತ್ರ. ಅಷ್ಟರಲ್ಲಿ ಹಿರಾಗಾನಾ ಅನ್ನುವ ಜಪಾನಿ ಲಿಪಿಯ 46 ಅಕ್ಷರ ಕಲಿತುಬಿಡಿ. ಅದರ ಸಾಲು ಅ ಇ ಉ ಎ ಒ, ಆಮೇಲೆ ಕ ಸ ತ ನ ಹ ಮ ಯ ರ ವ. ನಮ್ಮ ವರ್ಣಮಾಲೆಯ ನೆರಳು ಕಾಣಿಸಿತಾ? ಬೌದ್ಧ ಭಿಕ್ಷುಗಳು ಸಂಸ್ಕೃತದ ಅಕ್ಷರ ಕಲಿತದ್ದರಿಂದ ಬಂದ ಕ್ರಮ ಅದು. 'ಹ' ಸಾಲು 'ಮ'ಗಿಂತ ಮುಂಚೆ ಇರುವುದು ಏಕೆಂದರೆ ಹಿಂದೆ ಅದನ್ನು 'ಪ' ಅಂತ ಉಚ್ಚರಿಸುತ್ತಿದ್ದರು.

ಮರೆವಿಗೆ ಒಂದು ಡಬ್ಬಿ ಮಾಡಿ. ಬಾಕರವಡಿಯ ಖಾಲಿ ಡಬ್ಬಿ ಸಾಕು, ರಟ್ಟಿಟ್ಟು ಐದು ಖಾನೆ ಮಾಡಿ. ಚೀಟಿಯ ಒಂದು ಬದಿ ಹಿರಾಗಾನಾದಲ್ಲಿ ಪದ, ಇನ್ನೊಂದು ಬದಿ ಆ ಪದ ಬರುವ ಒಂದು ಸಣ್ಣ ಕನ್ನಡ ವಾಕ್ಯ. ಮೊದಲ ಖಾನೆ ದಿನಾ ನೋಡಿ, ಎರಡನೆಯದು ಎರಡು ದಿನಕ್ಕೊಮ್ಮೆ, ಹೀಗೆ ಮುಂದೆ ಹೋದಂತೆ ವಾರ, ಹದಿನೈದು ದಿನ. ಸರಿ ಹೇಳಿದರೆ ಚೀಟಿ ಮುಂದಿನ ಖಾನೆಗೆ, ತಪ್ಪಿದರೆ ಮತ್ತೆ ಮೊದಲಿಗೆ. ಜರ್ಮನಿಯ ಸೆಬಾಸ್ಟಿಯನ್ ಲೈಟ್ನರ್ 1970ರ ದಶಕದಲ್ಲಿ ಹೇಳಿಕೊಟ್ಟ ಉಪಾಯ ಇದು. ಆಂಕಿ ಅನ್ನುವ ಆ್ಯಪ್ ಇದನ್ನೇ ತಾನಾಗಿ ಮಾಡುತ್ತದೆ, ಆಂಡ್ರಾಯ್ಡ್ ಫೋನಿಗೆ ಉಚಿತ. ನನಗೆ ಮಾತ್ರ ಕೈಯಲ್ಲಿ ಬರೆದ ಚೀಟಿಯೇ ಜಾಸ್ತಿ ನೆನಪಿರುತ್ತದೆ. ಡಬ್ಬಿಗೆ ಜಪಾನಿಯಲ್ಲಿ 'ಹಕೊ' ಅನ್ನುತ್ತಾರೆ. ಚೀಟಿ ಹಾಕುವಾಗಲೆಲ್ಲ 'ಹಕೊಗೆ ಹಾಕು' ಅನ್ನಿ, ಮರೆಯುವುದೇ ಇಲ್ಲ. ಅಂಗಡಿಗೆ 'ಮಿಸೆ'. ನಿಮ್ಮ ಓಣಿಯ ಮೀಸೆ ಮಾಮಾನ ಕಿರಾಣಿ ಅಂಗಡಿ ನೆನೆಸಿಕೊಳ್ಳಿ.

2010ಕ್ಕೆ ಮುಂಚೆ ಈ ಪರೀಕ್ಷೆಯ ಎಲ್ಲಕ್ಕಿಂತ ಕೆಳಗಿನ ಹಂತಕ್ಕೆ ಸುಮಾರು 800 ಪದ, 100 ಕಾಂಜಿ ಬೇಕಿತ್ತು. ಈಗಿನ ಎನ್5ಗೂ ಅದೇ ಅಂದಾಜು ಇಟ್ಟುಕೊಳ್ಳಿ, ಅಧಿಕೃತ ಪಟ್ಟಿ ಈಗ ಕೊಡುವುದಿಲ್ಲ. ದಿನಕ್ಕೆ 8 ಅಂದರೆ ನೂರು ದಿನ, ಮರೆತು ಮತ್ತೆ ಕಲಿಯುವುದಕ್ಕೆ ಇನ್ನಷ್ಟು ದಿನ ಸೇರಿಸಿ. ಪುಣೆಯಲ್ಲೇ ಪರೀಕ್ಷಾ ಕೇಂದ್ರ ಇದೆ. ಅರ್ಜಿ ತಿಂಗಳುಗಟ್ಟಲೆ ಮುಂಚೆ ಮುಗಿಯುತ್ತದೆ, ಅದನ್ನು ಮರೆಯಬೇಡಿ.

ಪ್ರಶ್ನೆ: ಒಂದಕ್ಕೆ 'ಇಚಿ' ಅಂತ ಕಲಿತೆ. ಆಮೇಲೆ 'ಹಿತೊತ್ಸು' ಬಂತು, 'ಹಿತೊರಿ' ಬಂತು, 'ಇಪ್ಪೊನ್' ಬಂತು. ಒಂದಕ್ಕೆ ಎಷ್ಟು ಪದ?
– ಡೊಂಬಿವಲಿಯ ಓದುಗಿ

ಉತ್ತರ: ನೀವು ಮನೆಯಲ್ಲಿ 'ಎರಡು ಅತಿಥಿ ಬಂದರು' ಅನ್ನುತ್ತೀರಾ? ಇಬ್ಬರು ಅನ್ನುತ್ತೀರಿ. ಅಷ್ಟೇ ವಿಷಯ. ವಸ್ತುವಾದರೆ ಹಿತೊತ್ಸು, ಫುತತ್ಸು, ಅಂದರೆ ಒಂದು, ಎರಡು. ಜನರಾದರೆ ಹಿತೊರಿ, ಫುತರಿ, ಅಂದರೆ ಒಬ್ಬರು, ಇಬ್ಬರು. ಇಚಿ, ನಿ, ಸನ್ ಚೀನಾದಿಂದ ಬಂದ ಎಣಿಕೆ. ಅದರ ಬೆನ್ನಿಗೆ ವಸ್ತುವಿನ ಆಕಾರ ಹೇಳುವ ಪದ ಸೇರುತ್ತದೆ: ಪೆನ್ನು, ಕೊಡೆಯಂಥ ಉದ್ದದ್ದಕ್ಕೆ 'ಹೊನ್', ಟಿಕೆಟು, ಹಾಳೆಯಂಥ ತೆಳುವಿಗೆ 'ಮೈ'. ಕರಿಬೇವು ಎರಡು ಎಸಳು, ಕೊತ್ತಂಬರಿ ಒಂದು ಕಟ್ಟು ಅನ್ನುತ್ತೇವಲ್ಲ, ಹಾಗೆ. ಅಲ್ಲಿ ಮಾತ್ರ ಅದು ಕಡ್ಡಾಯ. ಹೊನ್ ಸೇರುವಾಗ ಇಪ್ಪೊನ್, ನಿಹೊನ್, ಸಂಬೊನ್ ಅಂತ ಸದ್ದು ಬದಲಾಗುತ್ತದೆ. ಅದಕ್ಕೆ ನಿಯಮ ಹುಡುಕುತ್ತ ಕೂರಬೇಡಿ, ಮಗ್ಗಿಯ ಹಾಗೆ ಹತ್ತರ ತನಕ ರಾಗವಾಗಿ ಹೇಳಿ.

ಪ್ರಶ್ನೆ: ನಿವೃತ್ತ ಶಿಕ್ಷಕ, 63 ವರ್ಷ. ಮಗಳು ಓಸಾಕಾದಲ್ಲಿದ್ದಾಳೆ. ಈ ವಯಸ್ಸಿನಲ್ಲಿ ಹೊಸ ಪದ ನಿಲ್ಲುತ್ತವೆಯೇ?
– ಮಡಗಾಂವದ ಓದುಗ

ಉತ್ತರ: ನಿಲ್ಲುತ್ತವೆ ಸರ್. ನೀವು ಗೋವಾದಲ್ಲಿ ಇರುವುದರಿಂದ ಕೆಲವು ಆಗಲೇ ನಿಮ್ಮ ಹತ್ತಿರ ಇವೆ. ಪೋರ್ಚುಗೀಸರು 16ನೇ ಶತಮಾನದಲ್ಲಿ ಜಪಾನಿಗೂ ಹೋದರು. ಅವರು ಬಿಟ್ಟುಬಂದ ರೊಟ್ಟಿ ಅಲ್ಲಿ 'ಪಾನ್' ಆಯಿತು, ಇಲ್ಲಿ ಪಾವ್ ಆಯಿತು. ತಂಬಾಕು ಅಲ್ಲಿ 'ತಬಕೊ', ಅಂಗಿಯ ಗುಂಡಿ 'ಬೊತನ್'. ನಿಮಗೆ ಪರೀಕ್ಷೆಯ ಗಡಿಬಿಡಿ ಇಲ್ಲ, ದಿನಕ್ಕೆ ಮೂರು ಪದ ಸಾಕು. ಸದ್ದಿನ ಪದಗಳಿಂದ ಶುರು ಮಾಡಿ, ಅವು ನಮ್ಮಲ್ಲಿ ಇದ್ದಷ್ಟೇ ಅಲ್ಲೂ ಇವೆ: ಎದೆ ಡವಡವ ಅಂದರೆ 'ದೊಕಿದೊಕಿ', ಗಿರಗಿರ ಸುತ್ತಿದರೆ 'ಗುರುಗುರು', ನಕ್ಷತ್ರ ಮಿನುಗಿದರೆ 'ಕಿರಕಿರ', ಮಳೆ ಧೋ ಅಂತ ಸುರಿದರೆ 'ಜ಼ಾಜ಼ಾ'. ಜೂನ್ ಬಂದಾಗ ಮಗಳಿಗೆ ಫೋನ್ ಮಾಡಿ 'ಅಮೆ ಜ಼ಾಜ಼ಾ' ಅನ್ನಿ. ಅಮೆ ಅಂದರೆ ಮಳೆ.